ಕುದುರೆಯೆತ್ತರದ ಸೀಟು

ಚಿದ್ರಿ, ಬೀದರ
೧೯ ಅಕ್ಟೋಬರ್ ೨೦೦೩, ರವಿವಾರ

ತಮ್ಮ ನರಸಿಂಗನಿಗೆ ಅಕ್ಕ ಕೌಸಲ್ಯಾಳ ಜಯಭೀಮ.

ನೀನೂ ಮಕ್ಕಳೂ ಆರಾಮಾಗಿದ್ದೀರೆಂದು ಫೋನಿನಲ್ಲೇ ಗೊತ್ತಾಗಿದೆ. ಅದನ್ನೇ ಮತ್ತೆ ಕೇಳಿ ಕಾಗದ ತುಂಬಿಸುವುದಿಲ್ಲ. ಹೋದ ರವಿವಾರ ಸಂಜೆ ನೀನು ಪುಣೆಯ ಬೂತಿನಿಂದ ಮಾತಾಡಿದಾಗ ಮೊದಲು ಕೇಳಿದ್ದೇ "ಅಕ್ಕಾ, ಗಾಡಿ ಹ್ಯಾಂಗ ಅದ?" ಅಂತ. ನಾನು "ಚಲೋ ಅದ" ಅಂದೆ. ಲೈನ್ ಸರಿಯಿಲ್ಲ, ಏನೂ ಕೇಳಿಸುತ್ತಿಲ್ಲ ಎಂದು ರಿಸೀವರ್ ಇಟ್ಟುಬಿಟ್ಟೆ. ಲೈನ್ ಸರಿಯಾಗಿಯೇ ಇತ್ತು ನರಸಿಂಗ. ನಿನ್ನ ಹಿಂದೆ ಸರದಿಗೆ ನಿಂತವರು ಕೆಮ್ಮಿದ್ದು ಕೂಡ ನನಗೆ ಕೇಳಿಸಿತ್ತು.

ಗಾಡಿ ಚಲೋ ಇಲ್ಲ. ನೀನು ಬಿಟ್ಟುಹೋದ ಹಾಗಂತೂ ಇಲ್ಲವೇ ಇಲ್ಲ. ಬಾಯಿಂದ ಹೇಳಲಾಗದ್ದನ್ನು ಬರೆಯಲು ಕುಳಿತಿದ್ದೇನೆ.

ಮಳೆ ಕೈಕೊಟ್ಟು, ಮದುವೆಗಳು ಕಡಿಮೆಯಾಗಿ, ಗಾಡಿಗೆ ಬಾಡಿಗೆ ಇಲ್ಲದೆ ನೀನು ಪುಣೆಗೆ ಟ್ಯಾಂಕರ್ ನಡೆಸಲು ಹೊರಟ ದಿನ ಹೇಳಿದ್ದೆಲ್ಲ ನೆನಪಿದೆ. ವಾರಕ್ಕೊಮ್ಮೆ ಸ್ಟಾರ್ಟ್ ಮಾಡು, ಬ್ಯಾಟರಿ ಇಳಿಯಬಾರದು. ಟೈರಿನ ಮೇಲೆ ಭಾರ ಬೀಳದ ಹಾಗೆ ಇಟ್ಟಿಗೆ ಕೊಡು. ಮೇಲೆ ಹೊದಿಸಿದ ತಾಡಪತ್ರಿಯೊಳಗೆ ಇಲಿ ಸೇರದ ಹಾಗೆ ನೋಡಿಕೋ. ಕೊನೆಗೆ ಹಿಂದಿನ ಸೀಟಿನ ಮೇಲೆ ಅಂಗೈ ಇಟ್ಟು, "ಇದಕ್ಕೊಂದು ಯಾರೂ ಕೈ ಹಚ್ಚಬಾರ್ದು ನೋಡು ಅಕ್ಕಾ" ಅಂದಿದ್ದೆ. ಉಳಿದದ್ದನ್ನೆಲ್ಲ ಪಾಲಿಸಿದೆ. ಆ ಒಂದನ್ನು ಪಾಲಿಸಲಿಲ್ಲ.

ಅಪ್ಪನ ಗಾಡಿಯ ಕಥೆ ನಿನಗೆ ಗೊತ್ತಿಲ್ಲದ್ದಲ್ಲ. ಆದರೆ ಆಗ ನೀನು ಸಣ್ಣವನು, ಕೇಳಿ ತಿಳಿದವನು. ನಾನು ಕಣ್ಣಾರೆ ಕಂಡವಳು. ನಾನು ಕೆಡಿಸಿದ್ದು ಏನನ್ನು ಎಂಬುದು ನನಗೇ ಸರಿಯಾಗಿ ಕಾಣಲಿ ಎಂದು ಒಮ್ಮೆ ಬರೆಯುತ್ತೇನೆ, ಬೇಸರಪಡಬೇಡ.

ಎಪ್ಪತ್ತೆರಡರ ಬರದಲ್ಲಿ ಔರಾದ ಕಡೆಗೆ ಬೋರ್ ಕೊರೆಸಲು ಬಂದ ಅಮೆರಿಕದ ಇಂಜಿನಿಯರ್ ಸಾಹೇಬರಿಗೆ ಅಪ್ಪ ಡ್ರೈವರ್ ಆಗಿದ್ದರು. ಸಾಹೇಬರಿಗೆ ಕಾರಿನ ಹುಚ್ಚು. ತಮ್ಮ ಮಸ್ಟ್ಯಾಂಗ್ ಕಾರನ್ನು ಹಡಗಿನಲ್ಲಿ ಬೊಂಬಾಯಿಗೆ ತರಿಸಿ ಅಲ್ಲಿಂದ ಬೀದರಿಗೆ ತಾವೇ ಓಡಿಸಿಕೊಂಡು ಬಂದಿದ್ದರಂತೆ. ಎಡಗಡೆ ಸ್ಟೇರಿಂಗ್, ಎರಡೇ ಬಾಗಿಲು, ಉದ್ದನೆಯ ಮೂತಿ, ಮುಂದಿನ ಜಾಳಿಗೆಯ ನಡುವೆ ಓಡುವ ಕುದುರೆಯ ಬೆಳ್ಳಿ ಬಣ್ಣದ ಗುರುತು. ಎಂಟು ಸಿಲಿಂಡರಿನ ಇಂಜಿನ್ನು, ಗಟಗಟ ಪೆಟ್ರೋಲ್ ಕುಡಿಯುವಂಥದ್ದು. ನಮ್ಮ ಕೆಂಪು ಮಣ್ಣಿನ ಹಾದಿಯಲ್ಲಿ ಅದರ ಹೊಟ್ಟೆ ನೆಲಕ್ಕೆ ಉಜ್ಜುತ್ತಿತ್ತು. ಊರಿಗೆ ಮರಳುವಾಗ ಸಾಹೇಬರು ಅದನ್ನು ಮತ್ತೆ ಹಡಗು ಹತ್ತಿಸುವ ಗೋಜಿಗೆ ಹೋಗದೆ ಅಪ್ಪನ ಹೆಸರಿಗೆ ಬರೆದುಕೊಟ್ಟು ಹೋದರು.

ಪೆಟ್ರೋಲು ನಮ್ಮಿಂದಾಗದ ಮಾತು. ಅಪ್ಪ ಮುರುಕು ವ್ಯಾನಿನ ಡೀಸೆಲ್ ಇಂಜಿನ್ ತಂದು ಕೂಡಿಸಿದರು. ಅಮೆರಿಕದ ಇಂಜಿನ್ನಿಗೆ ಗ್ರೀಸ್ ಬಳಿದು, ಗೋಣಿತಟ್ಟು ಸುತ್ತಿ, ಕಟ್ಟಿಗೆಯ ಪೆಟ್ಟಿಗೆಯಲ್ಲಿಟ್ಟರು. ಆದರೂ ಆ ಗಾಡಿಯಿಂದ ಏನು ಮಾಡಬೇಕೆಂದು ಅವರಿಗೆ ತಿಳಿದದ್ದು ನಮ್ಮ ಸೋದರಮಾವನ ಮಗ ದಾದಾನ ಮದುವೆ ಗೊತ್ತಾದಾಗ. ಎಕಂಬಾ ದಾಟಿ ಹೋಗುವ ಅವ್ವನ ಊರಿನಲ್ಲಿ ನಮ್ಮ ಓಣಿಯ ವರ ಕುದುರೆ ಏರಿ ಊರ ನಡುವಿನ ಹಾದಿಯಲ್ಲಿ ಹೋಗಬಾರದೆಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಕುದುರೆಯವನು ಮಾತ್ರ ಆ ದಿನ ಬರುತ್ತಿರಲಿಲ್ಲ. ಒಮ್ಮೆ ಕುದುರೆಗೆ ಹೊಟ್ಟೆನೋವು, ಒಮ್ಮೆ ಕುದುರೆಯವನಿಗೆ.

ದಾದಾ ಶೇವಂತಾ ವೈನಿಯನ್ನು ಮದುವೆಯಾಗುವ ವರ್ಷ ಅಪ್ಪ ನನ್ನನ್ನು ಕರೆದುಕೊಂಡು ಬೀದರಿನ ಟಾಂಗಾ ಅಡ್ಡೆಗೆ ಹೋದರು. ನಬೀಸಾಬರ ಕುದುರೆಯ ಪಕ್ಕ ನಿಂತು ನೆಲದಿಂದ ಅದರ ಬೆನ್ನಿನವರೆಗೆ ಹಗ್ಗ ಹಿಡಿದು ಗಂಟು ಹಾಕಿಕೊಂಡರು. ನಬೀಸಾಬರು ಬಾಯಿಂದ ಬೀಡಿ ತೆಗೆದು, "ಯಾಕ ಕಾಶೀರಾಮ, ನನ್ನ ಘೋಡಾಕ್ಕ ಶೇರ್ವಾನಿ ಹೊಲಿಸ್ತೀಯೇನು?" ಎಂದು ಕೇಳಿದರು. ಅಡ್ಡೆಯೆಲ್ಲ ನಕ್ಕಿತು. ಅಪ್ಪ ನಗದೆ, "ಇಲ್ರಿ ಸಾಬ್, ಕುರ್ಚಿ ಮಾಡ್ಲಾಕತ್ತೀನ್ರಿ" ಅಂದರು.

ಮನೆಗೆ ಬಂದವರೇ ಗಾಡಿಯ ಛಾವಣಿಯನ್ನು ಗರಗಸ ಹಿಡಿದು ಕೊಯ್ದರು. ಛಾವಣಿ ಹೋದೊಡನೆ ಗಾಡಿಯ ನಡು ಕುಸಿದು ಬಾಗಿಲುಗಳು ಹಾಕಿಕೊಳ್ಳದಾದವು. ಕೆಳಗೆ ಕಬ್ಬಿಣದ ಪಟ್ಟಿ ಬೆಸೆದು ನಡು ಎತ್ತಿದರು. ಹಿಂದಿನ ಸೀಟಿಗೆ ಕಬ್ಬಿಣದ ಚೌಕಟ್ಟು ಕೊಟ್ಟು ಹಗ್ಗದ ಗಂಟಿನ ಎತ್ತರಕ್ಕೆ ಏರಿಸಿದರು. ಮೆರವಣಿಗೆಯಲ್ಲಿ ಹಲಗಿ ಬಾರಿಸುವವರ ಹಿಂದೆ ಹೆಜ್ಜೆ ಹೆಜ್ಜೆಯಾಗಿ ಸರಿಯುವಾಗ ಇಂಜಿನ್ ಕಾಯದಿರಲೆಂದು ಲಾರಿಯ ಪಂಕ ಹಾಕಿದರು, ಡಿಕ್ಕಿಯಲ್ಲಿ ನೀರಿನ ಡಬ್ಬಿಯಿಟ್ಟು ರೇಡಿಯೇಟರಿಗೆ ಪೈಪು ಎಳೆದರು. ನೀಲಿ ಬಣ್ಣ ಬಳಿದರು. ಕೊಯ್ದ ಛಾವಣಿ ಅವ್ವನ ಕೋಳಿಗೂಡಿನ ಮೇಲೆ ಕುಳಿತಿತು. ಓಡಲೆಂದೇ ಮಾಡಿದ ಗಾಡಿಗೆ ಅಪ್ಪ ನಡೆಯುವುದನ್ನು ಕಲಿಸಿದರು. ದಾದಾ ಬಿಳಿ ಬಟ್ಟೆ ತೊಟ್ಟು ಅದರ ಮೇಲೆ ಕುಳಿತು ಚಾವಡಿಯ ಮುಂದೆ ಹಾದುಹೋದಾಗ ಕಟ್ಟೆಯ ಮೇಲೆ ಕುಳಿತವರೆಲ್ಲ ಕತ್ತು ಮೇಲೆತ್ತಿ ನೋಡಬೇಕಾಯಿತು. ಆಮೇಲೆ ಭಾಲ್ಕಿ, ಔರಾದ, ಜನವಾಡ ಎಂದು ನಮ್ಮವರ ಯಾವ ಓಣಿಯಲ್ಲಿ ಮದುವೆಯಾದರೂ ಅಪ್ಪನ ಗಾಡಿ, ಅಪ್ಪನ ನಂತರ ನಿನ್ನ ಗಾಡಿ.

ಇನ್ನು ನನ್ನ ವಿಷಯ. ಆ ಗಾಡಿಯ ಬಗ್ಗೆ ನನಗೆ ಹೆಮ್ಮೆ ಎಂದು ನೀನು ತಿಳಿದಿದ್ದೀಯ. ಹೆಮ್ಮೆ ಇತ್ತು, ಅದರ ಪಕ್ಕದಲ್ಲೇ ನಾಚಿಕೆಯೂ ಕೂತಿತ್ತು. ಕಾಲೇಜಿನಿಂದ ಯಾರಾದರೂ ಚಹಾಕ್ಕೆ ಬಂದರೆ ತಾಡಪತ್ರಿ ಎಳೆದು ಮುಚ್ಚುತ್ತಿದ್ದೆ. ಹೂವಿನ ಸರ ಕಟ್ಟುವ ಕೊಕ್ಕೆಗಳು, ಸೀರಿಯಲ್ ಬಲ್ಬಿನ ವೈರು, ಧ್ವನಿವರ್ಧಕದ ಭೋಂಗಾ ಕೂಡಿಸುವ ಕಂಬಿ ಇವೆಲ್ಲ ನನಗೆ ಒರಟಾಗಿ ಕಾಣುತ್ತಿದ್ದವು. ಒಬ್ಬರು ಒಮ್ಮೆ ಬಗ್ಗಿ ನೋಡಿ, ಇದು ಬ್ಯಾಂಡಿನವರ ಗಾಡಿಯೇ ಎಂದು ಕೇಳಿದರು. ನಾನು ನಮ್ಮ ಅಪ್ಪನದು ಅನ್ನಲಿಲ್ಲ. ತಮ್ಮ ಇಟ್ಟು ಹೋಗಿದ್ದಾನೆ ಅಂದೆ. ತರಗತಿಯಲ್ಲಿ ಕವಿತೆ ಪಾಠ ಮಾಡುವಾಗ ಪ್ರತಿಯೊಂದು ಪದವೂ ತನ್ನ ಜಾಗದಲ್ಲಿ ಯಾಕೆ ಇದೆ ಎಂದು ಮಕ್ಕಳಿಂದ ಹುಡುಕಿಸುತ್ತೇನೆ. ನಮ್ಮ ಅಂಗಳದಲ್ಲಿ ನಿಂತ ಕಬ್ಬಿಣದ ಬಗ್ಗೆ ಆ ಪ್ರಶ್ನೆ ನನಗೆ ಹೊಳೆಯಲಿಲ್ಲ.

ಬೇಸಿಗೆಯಲ್ಲಿ ಮೆಕ್ಯಾನಿಕ್ ಮಕ್ಬೂಲ ಬಂದ. ಅಪ್ಪನ ಜೊತೆ ಕೆಲಸ ಮಾಡಿದವನಲ್ಲವೇ, ಗಾಡಿ ನೋಡಿ ಹೋಗೋಣವೆಂದು ಬಂದವನು ಪೆಟ್ಟಿಗೆಯ ಮುಚ್ಚಳ ತೆಗೆದು ಗೋಣಿತಟ್ಟು ಸರಿಸಿದ. "ಆಪಾ, ಇದರ ಅಸಲಿ ದಿಲ್ ಇಲ್ಲೇ ಮಲಗ್ಯಾದ. ಎಬ್ಬಿಸೂಣೇನು?" ಅಂದ. ಅವನ ಕಣ್ಣಿನಲ್ಲಿ ಎಂಥ ಆಸೆಯಿತ್ತೆಂದರೆ ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ, ಬೇಡ ಅನ್ನುವ ಮನಸ್ಸೂ ಇರಲಿಲ್ಲ. ಹಿಡಿದುಕೊಂಡಿದ್ದ ಪಿಸ್ಟನ್ನುಗಳಿಗೆ ದಿನವೂ ಸೀಮೆಎಣ್ಣೆ ಸುರಿದು ಬಿಡಿಸಿದ. ಸಿಗದ ಗ್ಯಾಸ್ಕೆಟ್ಟುಗಳನ್ನು ಹಾಳೆಯಿಂದ ಕತ್ತರಿಸಿ ಮಾಡಿದ. ನಾಲ್ಕು ಬಾಯಿಯ ಕಾರ್ಬೊರೇಟರನ್ನು ನಮ್ಮ ಅಂಗಳದಲ್ಲೇ ಬಿಚ್ಚಿ, ಪೆಟ್ರೋಲು ಹಾಯುವ ಅದರ ಪುಟ್ಟ ಜೆಟ್ಟುಗಳನ್ನು ನನ್ನ ಊಟದ ತಟ್ಟೆಯಲ್ಲಿ ಹರಡಿ, ಒಂದೊಂದನ್ನೂ ಊದಿ ತೊಳೆದ. ನಾನು ಕಾಲೇಜಿನಿಂದ ಬಂದವಳೇ ಚೀಲ ಎಸೆದು ಅಲ್ಲಿ ಕೂಡುತ್ತಿದ್ದೆ. ಒಂದು ವಸ್ತು ತನ್ನ ಮೊದಲಿನ ರೂಪಕ್ಕೆ ಮರಳುವುದನ್ನು ನೋಡುವ ಸುಖ ಇದೆಯಲ್ಲ, ಅದು ನನ್ನನ್ನು ಹಿಡಿದುಬಿಟ್ಟಿತು.

ಆ ನಡುವೆಯೇ ನನ್ನ ಮಗಳು ಸಂಘಮಿತ್ರಾಳ ಸಂಬಂಧ ಕೂಡಿಬಂತು. ಭಾಲ್ಕಿಯವರು, ತಂದೆ ನಿವೃತ್ತ ಹೆಡ್‌ಮಾಸ್ಟರು, ಹುಡುಗ ದನದ ಡಾಕ್ಟರು ಎಂದು ನಿನಗೆ ತಿಳಿಸಿದ್ದೆ. ಮಗಳ ತಂದೆ ಇಲ್ಲದ ಮನೆ. ಬಂದವರು ಯಾವುದರಲ್ಲೂ ಕೊರತೆ ಕಾಣಬಾರದು ಎಂಬ ಹಟ ನನಗೆ. ಭಾಲ್ಕಿಯವರಿಗೆ ತೆರೆದ ಗಾಡಿ, ಎತ್ತರದ ಸೀಟು ಇದೆಲ್ಲ ಹಿಡಿಸಲಿಲ್ಲ. ಓದಿದ ಮನೆತನ, ಮುಚ್ಚಿದ ಗಾಡಿಯಲ್ಲಿ ಸಭ್ಯವಾಗಿ ಬರೋಣವೆಂಬ ಮನಸ್ಸು ಅವರದು. ಅವರ ಮಾತು ಮೀರುವುದು ಹೇಗೆ? ಮಕ್ಬೂಲನಿಗೆ ಛಾವಣಿ ಹಾಕಲು ಹೇಳಿದೆ.

ಕೋಳಿಗೂಡಿನ ಮೇಲಿನ ಹಳೆಯ ಛಾವಣಿ ಮುಟ್ಟಿದರೆ ಪುಡಿಯಾಗುವಂತಿತ್ತು. ಮಕ್ಬೂಲ ಹೊಸ ತಗಡು ಬಡಿದು ಬೆಸೆದ. ಕಬ್ಬಿಣದ ಚೌಕಟ್ಟು ಕತ್ತರಿಸಿ ತೆಗೆದು ಸೀಟನ್ನು ಕೆಳಗಿಳಿಸಿದ. ಕೊಕ್ಕೆಗಳ ತೂತಿಗೆಲ್ಲ ಪುಟ್ಟಿ ತುಂಬಿದ. ಲಾರಿಯ ಪಂಕ, ಡಿಕ್ಕಿಯ ಡಬ್ಬಿ ಅಮೆರಿಕದವಲ್ಲ ಎಂದು ಅವನ್ನೂ ತೆಗೆದ. ನಾನೂ ತೆಗೆ ಅಂದೆ. ಬಣ್ಣ ಉಜ್ಜುವಾಗ ನೀಲಿಯ ಕೆಳಗೆ ಇನ್ನೊಂದು ನೀಲಿ, ಅದರ ಕೆಳಗೆ ಮತ್ತೊಂದು, ಎಲ್ಲದರ ಕೆಳಗೆ ಕಡು ಹಸಿರು ಸಿಕ್ಕಿತು. ಆ ಹಸಿರನ್ನೇ ಹೊಡೆಸಿದೆವು.

ಡೀಸೆಲ್ ಇಂಜಿನ್ ಇಳಿಸಿ ಅದರ ಜಾಗಕ್ಕೆ ಕೂಡಿಸಿದ ಅಮೆರಿಕದ ಇಂಜಿನ್ ಮೊದಲ ಸಲ ಹತ್ತಿದ ದಿನ ಚಿದ್ರಿಯ ಪಾರಿವಾಳಗಳೆಲ್ಲ ಎದ್ದು ಹಾರಿದವು. ಅದರ ಗುಡುಗು ನೆಲದಿಂದ ನನ್ನ ಅಂಗಾಲಿಗೆ ಬಂತು. ಮಕ್ಬೂಲ ನನ್ನನ್ನು ಕೂಡಿಸಿಕೊಂಡು ಜನವಾಡದ ರಸ್ತೆಗೆ ಬಿಟ್ಟ. ಸುಳ್ಳು ಹೇಳುವುದಿಲ್ಲ ನರಸಿಂಗ, ನಾನು ನಕ್ಕೆ. ಬಸ್ಸಿಗೆ ಕಾಯುವವರು ಕಣ್ಣು ಪಿಳುಕಿಸುವಷ್ಟರಲ್ಲಿ ಹಿಂದೆ ಉಳಿದರು, ಒಣಗಿದ ತೊಗರಿ ಹೊಲಗಳು ಉಳಿದವು. ನಮ್ಮ ಮನೆಯ ಗಾಡಿ ನಡೆಯುವುದನ್ನು ಮಾತ್ರ ನೋಡುತ್ತ ಬೆಳೆದವಳು ನಾನು. ಅದು ಓಡಿದ್ದನ್ನು ಅಂದೇ ಕಂಡೆ.

ದಸರೆಯ ಹಿಂದಿನ ವಾರ ಶೇವಂತಾ ವೈನಿ ಬಂದರು. ಮಗ ಏಕನಾಥನಿಗೆ ಉದಗೀರ ಕಡೆಯ ಹುಡುಗಿ ಗೊತ್ತಾಗಿದೆ, ದೀಪಾವಳಿಗೆ ಮೊದಲೇ ಓಣಿಯವರು ಕಬ್ಬು ಕಡಿಯಲು ಹೋಗುವವರು, ಗಂಡ ಹೆಂಡತಿ ಜೋಡಿಯಾಗಿ ಹೋದರೆ ಮಾತ್ರ ಕೆಲಸ ಕೊಡುತ್ತಾರೆ, ಹಾಗಾಗಿ ಅವಸರದಲ್ಲೇ ಮದುವೆ ಎಂದರು. ಬಿಸಿಲಲ್ಲಿ ಬಂದವರಿಗೆ ನಾನು ನೀರು ಕೊಟ್ಟರೆ ಅರ್ಧ ಕುಡಿದು ಉಳಿದದ್ದನ್ನು ತಂಬಿಗೆಯಲ್ಲೇ ಇಟ್ಟು ಮುಚ್ಚಿದರು. ದಾದಾ ತೀರಿಹೋದ ಮೇಲೆ ಈ ಮಗನನ್ನು ಕಟ್ಟಿಕೊಂಡು ಅವರು ಪಟ್ಟ ಪಾಡು ನಿನಗೆ ಗೊತ್ತಿದೆ. "ಉಳಿದದ್ದು ಏನೂ ಇಲ್ಲಾಂದ್ರೂ ನಡೀತದ ಕೌಸಲ್ಯಾ. ಅವರಪ್ಪ ಕೂತ ಸೀಟಿನ ಮ್ಯಾಲ ಅವ ಒಮ್ಮಿ ಚಾವಡಿ ದಾಟಲಿ" ಅಂದರು.

ಗಾಡಿ ಅಲ್ಲೇ ಕಿಟಕಿಯಾಚೆ ತಾಡಪತ್ರಿ ಹೊದ್ದು ನಿಂತಿತ್ತು. ನಾನು ಎದ್ದು ತಾಡಪತ್ರಿ ತೆಗೆದು ತೋರಿಸಬೇಕಿತ್ತು. ಸೀಟು ಇಲ್ಲ ವೈನಿ, ತೆಗೆಸಿಬಿಟ್ಟೆ ಅನ್ನಬೇಕಿತ್ತು. ಅನ್ನಲಿಲ್ಲ. "ಬಾಡಿಗೆ ಗೀಡಿಗೆ ಏನೂ ಬ್ಯಾಡ ವೈನಿ, ನಾನೇ ತರ್ತೇನಿ" ಅಂದೆ. ಎಷ್ಟು ದೊಡ್ಡ ಮನಸ್ಸಿನವಳಂತೆ ಅಂದೆ ಗೊತ್ತೇ. ಅವರು ನನ್ನ ಎರಡೂ ಕೈ ಹಿಡಿದುಕೊಂಡರು. ಮುಚ್ಚಿದ ಗಾಡಿಯಲ್ಲಿ ಕೂತರೇನು, ಇಷ್ಟು ಚಂದದ ಗಾಡಿ ಆ ಊರು ನೋಡಿಯೇ ಇಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಹೋದ ರವಿವಾರ ಬೆಳಿಗ್ಗೆ ಮಕ್ಬೂಲನೂ ನಾನೂ ಅವ್ವನ ಊರಿಗೆ ಹೊರಟೆವು. ಓಣಿಯ ಬಾಯಿಗೆ ಗಾಡಿ ನಿಂತಾಗ ಹಲಗಿಯವರು ಬಾರಿಸುವುದನ್ನು ಬಿಟ್ಟು ನೋಡಿದರು. ಹುಡುಗಿಯರು ಹಸಿರು ಬಣ್ಣದಲ್ಲಿ ತಮ್ಮ ಮುಖ ನೋಡಿಕೊಂಡರು. ವೈನಿ ಆರತಿ ತಟ್ಟೆ ಹಿಡಿದು ಬಂದವರು ಗಾಡಿಯ ಸುತ್ತ ಒಂದು ಸುತ್ತು ಬಂದರು. ಹಿಂದಿನ ಕಿಟಕಿಗೆ ಹಣೆ ಹಚ್ಚಿ ಒಳಗೆ ನೋಡಿದರು. "ಚಂದ ಆಗ್ಯಾದ" ಅಂದರು. ಏಕನಾಥ ಬೆನ್ನು ಬಗ್ಗಿಸಿ, ತಲೆ ತಗ್ಗಿಸಿ, ಹಿಂದಿನ ಸೀಟಿಗೆ ತೂರಿಕೊಂಡ. ಅಷ್ಟು ಎತ್ತರದ ಹುಡುಗ, ಮೊಣಕಾಲು ಎದೆಗೆ ಬಂದವು.

ಮದುವೆ ನಡೆಯುವ ಬುದ್ಧ ವಿಹಾರ ಊರಿನ ಆ ತುದಿಗೆ. ಬೀಗರು ಅಲ್ಲಿ ಕಾಯುತ್ತಿದ್ದರು. ಮುಂದೆ ಬಾಬಾಸಾಹೇಬರ ಫೋಟೋ, ಅದರ ಹಿಂದೆ ಹಲಗಿ, ಕುಣಿಯುವವರು, ಅವರ ಹಿಂದೆ ನಾವು. ನಾನು ಮುಂದಿನ ಸೀಟಿನಲ್ಲಿ ಸೆರಗು ಸರಿಮಾಡಿಕೊಂಡು ಕೂತಿದ್ದೆ. ನಾಲ್ಕು ಹೆಜ್ಜೆ ಸರಿಯುವುದು, ನಿಲ್ಲುವುದು, ಮತ್ತೆ ಸರಿಯುವುದು. ಇಂಜಿನ್ನು ಹಗ್ಗ ಕಟ್ಟಿದ ಗೂಳಿಯ ಹಾಗೆ ಗುರುಗುಟ್ಟುತ್ತಿತ್ತು. ಮಕ್ಬೂಲ ಎರಡು ಸಲ ಇಂಜಿನ್ನಿನ ಕಾವು ತೋರಿಸುವ ಮುಳ್ಳಿನ ಕಡೆ ನೋಡಿದ. ಮೂರನೆಯ ಸಲ ಅವನ ಮುಖ ಬಿಳಿಚಿತು. ಓಡಿದರೆ ಗಾಳಿ ಬಡಿದು ತಣ್ಣಗಾಗುವ ಇಂಜಿನ್ನು ಅದು. ನಡೆಸಿದರೆ ಕುದಿಯುತ್ತದೆ. ಅಪ್ಪ ಇಟ್ಟದ್ದನ್ನೆಲ್ಲ ನಾವಿಬ್ಬರೂ ಕೂಡಿ ತೆಗೆದಿದ್ದೆವು. ಸರಿಯಾಗಿ ಚಾವಡಿಯ ಮುಂದೆ ಬಾನೆಟ್ಟಿನ ಸಂದಿಯಿಂದ ಬಿಳಿ ಉಗಿ ಎದ್ದಿತು, ಗಾಡಿ ನಿಂತಿತು.

ಮಕ್ಬೂಲ ಇಳಿದು ಬಾನೆಟ್ ಎತ್ತಿದ. ನಾನೂ ಇಳಿದು ಬೀದರಿನಿಂದ ತಂದ ಕುಡಿಯುವ ನೀರಿನ ಕ್ಯಾನು ಮುಂದೆ ಮಾಡಿದರೆ ಕೈ ಅಡ್ಡ ಹಿಡಿದ. ಕಾದ ಇಂಜಿನ್ನಿಗೆ ತಣ್ಣೀರು ಹಾಕಿದರೆ ಸೀಳುತ್ತದೆ, ತಣಿಯುವ ತನಕ ಕಾಯಬೇಕು, ತಣಿದ ಮೇಲೂ ಈ ಕ್ಯಾನು ಸಾಲುವುದಿಲ್ಲ ಎಂದ. ಹಲಗಿ ನಿಂತಿತು. ಕಟ್ಟೆಯ ಮೇಲೆ ಊರಿನ ಹಿರಿಯ ಮಡೆಪ್ಪ ಮತ್ತು ಅವನ ಓರಗೆಯವರು ಕೂತಿದ್ದರು. ಮಡೆಪ್ಪ ಬಹಳ ಮರ್ಯಾದೆಯಿಂದ ಮಾತಾಡಿದ. "ಕೌಸಲ್ಯಾಬಾಯಾರ, ಈ ಸಲ ಛತ್ ಹಾಕ್ಸೀರಿ, ಚಲೋ ಕೆಲಸ ಮಾಡೀರಿ. ಹುಡುಗಗ ಬಿಸಿಲೂ ತಾಗಂಗಿಲ್ಲ, ನಮ್ಮ ಕಣ್ಣೂ ತಾಗಂಗಿಲ್ಲ."

ಕಟ್ಟೆಯ ಮೇಲಿನವರು ನಕ್ಕರು. ಜೋರಾಗಿ ಅಲ್ಲ. ಅವನು ಹೇಳಿದ್ದು ನಿಜವೇ ಆಗಿತ್ತು.

ಆಗ ಹಿಂದಿನಿಂದ ಏಕನಾಥ ಮುಂದಿನ ಸೀಟನ್ನು ಮಡಚಿ ಹೊರಗೆ ಬಂದ. ಬೆವರಿಗೆ ಬಿಳಿ ಅಂಗಿ ಬೆನ್ನಿಗೆ ಅಂಟಿತ್ತು. ಹೊಸ ಬೂಟು ಬಿಚ್ಚಿ ಗಾಡಿಯ ಪಕ್ಕ ಜೋಡಿಸಿಟ್ಟ. ನನ್ನ ಕಡೆ ನೋಡಿ, "ಅತ್ತಿ, ಬಣ್ಣ ಹೋಗ್ತದ, ಸಿಟ್ಟಾಗಬ್ಯಾಡ್ರಿ" ಎಂದು ಛಾವಣಿಯ ಅಂಚಿಗೆ ಕೈ ಹಚ್ಚಿದ.

ನಾನೇನಂದೆ ಎಂದು ಬರೆಯಲು ಕೈ ಬರುತ್ತಿಲ್ಲ. "ಬ್ಯಾಡೋ, ತಗ್ಗು ಬೀಳ್ತದ" ಅಂದೆ. ಅನ್ನುವುದಷ್ಟೇ ಅಲ್ಲ, ಅವನ ತೋಳು ಹಿಡಿದೆ. ವೈನಿ ಬಂದು ನನ್ನ ಬೆರಳುಗಳನ್ನು ಅವನ ತೋಳಿನಿಂದ ಬಿಡಿಸಿದರು. ಸಿಟ್ಟಿಲ್ಲದೆ, ಮಗುವಿನ ಮುಷ್ಟಿಯಿಂದ ಕಲ್ಲು ಬಿಡಿಸುವ ಹಾಗೆ ಬಿಡಿಸಿದರು. ಏಕನಾಥ ಮೇಲೆ ಹತ್ತಿದ. ಹೊಸ ತಗಡು ಅವನ ಕೆಳಗೆ ಡಬ್ ಎಂದು ಕುಸಿಯಿತು. ಅವನು ಚಕ್ಕಳಮಕ್ಕಳ ಹಾಕಿ, ಚಾವಡಿಗೆ ಮುಖ ಮಾಡಿ ಕೂತ. ಅಪ್ಪ ಕೊಟ್ಟ ಎತ್ತರಕ್ಕಿಂತ ಅದು ಕಡಿಮೆಯಿರಲಿಲ್ಲ. ಹಲಗಿಯವರು ಯಾರೂ ಹೇಳದೆಯೇ ಮತ್ತೆ ಶುರುಮಾಡಿದರು.

ಅಷ್ಟರಲ್ಲಿ ವೈನಿ ಓಣಿಗೆ ಹೋಗಿದ್ದರು. ಮರಳಿ ಬಂದಾಗ ತಲೆಯ ಮೇಲೆ ಕೊಡ, ಹಿಂದೆ ಓಣಿಯ ಹೆಂಗಸರು, ಎಲ್ಲರ ತಲೆಯ ಮೇಲೂ ಕೊಡ. ಹಿಂದಿನ ದಿನ ಟ್ಯಾಂಕರ್ ಬಂದಿತ್ತು. ಮತ್ತೆ ಬರುವುದು ಯಾವಾಗಲೋ. ಮದುವೆಯ ಅಡುಗೆಗೆ, ಬೀಗರಿಗೆ, ಮಕ್ಕಳಿಗೆ ಎಂದು ತುಂಬಿಟ್ಟ ನೀರು. ನಾನು, ಬೇಡ ವೈನಿ, ಗಾಡಿಯನ್ನು ತಳ್ಳಿಕೊಂಡು ಹೋಗೋಣ ಎಂದೆ. "ತಳ್ಳಿಕೋತ ಹೋದ್ರ ಇವರು ನಾಳಿ ಅದನ್ನೇ ಹೇಳ್ತಾರ" ಅಂದರು. ಕುಡಿಯಲು ಏನು ಮಾಡುತ್ತೀರಿ ಎಂದೆ. "ಒಂದು ದಿನ ಬಾಯಿ ಆರಿದ್ರ ನಡೀತದವ್ವ. ಇಲ್ಲಿ ನಿಂತ್ರ ನಡಿಯಂಗಿಲ್ಲ."

ಮಕ್ಬೂಲ ರೇಡಿಯೇಟರಿನ ಮುಚ್ಚಳಕ್ಕೆ ಬಟ್ಟೆ ಸುತ್ತಿ ತೆಗೆದ. ಮೊದಲ ಕೊಡ ವೈನಿಯದು. ಆಮೇಲೆ ಒಬ್ಬೊಬ್ಬರಾಗಿ ಬಂದು ಬಾಗಿದರು. ಮಕ್ಬೂಲ ನೀರು ಹಿಡಿಯುತ್ತ ತಲೆ ಎತ್ತಲೇ ಇಲ್ಲ. ಮೊದಲು ಬಿದ್ದದ್ದು ಉಗಿಯಾಗಿ ಹೋಯಿತು, ಚೆಲ್ಲಿದ್ದು ಮಣ್ಣಿಗೆ ಹೋಯಿತು. ಆ ಹಸಿ ಮಣ್ಣಿನ ವಾಸನೆ, ಎರಡು ವರ್ಷದಿಂದ ಆ ಊರಿಗೆ ಬಾರದ ವಾಸನೆ, ನನ್ನ ಗಾಡಿಯ ಕೆಳಗಿನಿಂದ ಬಂತು. ಮಡೆಪ್ಪನ ಸೊಸೆ ಹೀರಾಬಾಯಿ ಎದುರು ಮನೆಯಿಂದ ತುಂಬಿದ ಬಿಂದಿಗೆ ತಂದು ತನ್ನ ಬಾಗಿಲ ಮೆಟ್ಟಿಲ ಮೇಲಿಟ್ಟು, ಮಾವನ ಕಡೆ ಒಮ್ಮೆ ನೋಡಿ, ಒಳಗೆ ಹೋದಳು. ನಮ್ಮವರು ಯಾರೂ ಅದನ್ನು ತೆಗೆದುಕೊಳ್ಳಲಿಲ್ಲ. ಮಡೆಪ್ಪನೂ ಒಳಗೆ ಒಯ್ಯಿ ಅನ್ನಲಿಲ್ಲ. ನಾವು ಹೊರಟಾಗ ಅದು ಅಲ್ಲೇ ಇತ್ತು.

ಏಕನಾಥ ವಿಹಾರದವರೆಗೂ ಛಾವಣಿಯ ಮೇಲೆಯೇ ಬಂದ. ನಾನು ಆಮೇಲೆ ಗಾಡಿಯಲ್ಲಿ ಕೂರಲಿಲ್ಲ, ಹಿಂದೆ ನಡೆದೆ.

ಊಟದ ಹೊತ್ತಿಗೆ ಪಂಕ್ತಿಯಲ್ಲಿ ನೀರು ಬಡಿಸುವವರೇ ಇಲ್ಲ. ಬೀಗರ ಕಡೆಯ ಒಬ್ಬ ಹಿರಿಯರು ಕೈ ಎತ್ತಿ ನೀರು ಕೇಳಿದರು. ವೈನಿ ಹೋಗಿ, "ನಮ್ಮೂರಾಗ ಇವತ್ತ ಕೈ ತೊಳಿಯೂ ಪದ್ಧತಿ ಇಲ್ರಿ ಅಣ್ಣಾ, ನೆಕ್ಕೂ ಪದ್ಧತಿ" ಅಂದರು. ಪಂಕ್ತಿಯೆಲ್ಲ ನಕ್ಕಿತು. ನನ್ನ ತಟ್ಟೆಯ ಪಕ್ಕ ಮಾತ್ರ ಯಾರೋ ಒಂದು ಲೋಟ ನೀರು ಇಟ್ಟು ಹೋಗಿದ್ದರು. ಬೀದರಿನಿಂದ ಬಂದ ಮೇಡಂ ಎಂದೋ, ಗಾಡಿ ತಂದವಳು ಎಂದೋ. ಅದನ್ನು ಮುಟ್ಟದೆ ಎದ್ದೆ. ಎದ್ದ ಮೇಲೆ ಅದೂ ತಪ್ಪೆನಿಸಿತು, ಯಾವುದಾದರೂ ಮಗುವಿಗೆ ಕೊಡಬೇಕಿತ್ತು.

ಐದು ರಾತ್ರಿ ಸರಿಯಾಗಿ ನಿದ್ದೆಯಿಲ್ಲದೆ, ಕ್ಷಮೆ ಕೇಳೋಣವೆಂದು ಶುಕ್ರವಾರ ರಜೆ ಹಾಕಿ ಬಸ್ಸಿನಲ್ಲಿ ಹೋದೆ. ತಡವಾಗಿತ್ತು. ಹಿಂದಿನ ದಿನವೇ ಕಾರ್ಖಾನೆಯ ಟ್ರ್ಯಾಕ್ಟರ್ ಬಂದು ಓಣಿಯ ಅರ್ಧ ಮನೆಗಳನ್ನು ಖಾಲಿ ಮಾಡಿಕೊಂಡು ಹೋಗಿತ್ತು. ಏಕನಾಥ, ಅವನ ಹೆಂಡತಿ, ವೈನಿ ಮೂವರೂ. ಬೀಗ ಹಾಕಿದ ಬಾಗಿಲ ಮುಂದೆ ಬೋರಲು ಹಾಕಿದ ಕೊಡಗಳನ್ನು ನೋಡಿ ಬಂದೆ.

ಈಗ ನಿನ್ನಿಂದ ಎರಡು ಕೆಲಸ ಆಗಬೇಕು. ಅವರು ಸೊಲ್ಲಾಪುರದ ಆಚೆ ಕಬ್ಬಿನ ಕ್ಯಾಂಪಿನಲ್ಲಿದ್ದಾರಂತೆ. ಊರಿಗೆ ಬರುವಾಗ ಹಾದಿಯಲ್ಲಿ ಇಳಿದು ವೈನಿಯನ್ನು ಕಾಣು. ಅಕ್ಕ ಕ್ಷಮೆ ಕೇಳಿದ್ದಾಳೆ ಎಂದು ಹೇಳಬೇಡ. ಅದನ್ನು ನಾನೇ ಎದುರಿಗೆ ನಿಂತು ಕೇಳಬೇಕು. ಎಲ್ಲಿ ಉಳಿದಿದ್ದಾರೆ, ನೀರು ಎಲ್ಲಿಂದ ತರುತ್ತಾರೆ, ಅಲ್ಲಿಗೆ ಯಾವ ಬಸ್ಸು ಹೋಗುತ್ತದೆ, ತಿಳಿದುಕೊಂಡು ಬಾ. ಕಾಲೇಜಿಗೆ ರಜೆ ಸಿಕ್ಕ ಮೊದಲ ದಿನ ನಾನು ಹೋಗುತ್ತೇನೆ.

ಎರಡನೆಯದು ಗಾಡಿ. ಛಾವಣಿಯ ನಡುವೆ ಏಕನಾಥ ಕೂತ ತಗ್ಗು ಹಾಗೆಯೇ ಇದೆ. ಒಳಗಿಂದ ಬಡಿದು ಎತ್ತಿ ಬಣ್ಣ ಹೊಡೆದರೆ ಗೊತ್ತೇ ಆಗುವುದಿಲ್ಲ ಎಂದು ಮಕ್ಬೂಲ ಹೇಳುತ್ತಾನೆ. ಅವನಿಗೆ ನಾನು ಕೈ ಹಚ್ಚಬೇಡ ಅಂದಿದ್ದೇನೆ. ಛಾವಣಿಯನ್ನು ಮತ್ತೆ ಕೊಯ್ದು, ಡೀಸೆಲ್ ಇಂಜಿನ್ ಕೂಡಿಸಿ, ಸೀಟನ್ನು ಮೊದಲಿನಂತೆ ಏರಿಸಲು ಬರುತ್ತದೆ. ಆದರೆ ಮಿತ್ರಾಳ ಮದುವೆ ಡಿಸೆಂಬರಿನಲ್ಲಿದೆ. ಭಾಲ್ಕಿಯವರ ಮನಸ್ಸಿಗೆ ವಿರುದ್ಧವಾಗಿ ಈಗ ಹೇಗೆ ಕೊಯ್ಯಿಸಲಿ? ಆ ಧೈರ್ಯ ನನಗಿಲ್ಲ. ನೀನು ಸೋದರಮಾವ, ನೀನು ಬಂದು ಅವರೊಡನೆ ಮಾತಾಡಿದರೆ ಒಪ್ಪಿಯಾರು. ಬರುತ್ತೀಯಲ್ಲ?

ಸಿಟ್ಟು ಮಾಡಿಕೋ, ಆದರೆ ಫೋನ್ ಮಾಡುವುದನ್ನು ಬಿಡಬೇಡ.

ನಿನ್ನ ಅಕ್ಕ
ಕೌಸಲ್ಯಾ

ತಾ.ಕ.: ಲಕೋಟೆಗೆ ಅಂಟು ಹಚ್ಚಿದ್ದೆ, ಮತ್ತೆ ಬಿಡಿಸಿದೆ. ಭಾಲ್ಕಿಯವರು ಏನೂ ಅಂದಿರಲಿಲ್ಲ ನರಸಿಂಗ. ನಿಶ್ಚಯದ ದಿನ ಮಿತ್ರಾ ಆ ಹುಡುಗನಿಗೆ ಗಾಡಿಯ ಹಳೆಯ ಫೋಟೋ ತೋರಿಸಿದ್ದಳು. ಅವನು ಫೋಟೋ ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಬಂದು, "ನಮ್ಮಪ್ಪನೂ ಇದೇ ಸೀಟಿನ ಮ್ಯಾಲ ಕೂತು ಹೋಗಿದ್ರಂತರಿ. ನಾನೂ ಕೂಡಬಹುದೇನ್ರಿ?" ಎಂದು ಕೇಳಿದ. ಹಿಂದೆ ಹೆಡ್‌ಮಾಸ್ಟರು ನಗುತ್ತ ನಿಂತಿದ್ದರು. ಅಂದು ಸೀಟು ಗಟ್ಟಿಯಾಗಿಯೇ ಇತ್ತು. ತುಕ್ಕು ಹಿಡಿದು ಮುರಿದು ಹೋಗಿದೆ ಎಂದೆ. ಮಕ್ಬೂಲನಿಗೆ ಛಾವಣಿಯ ಕೆಲಸ ಹೇಳಿದ್ದು ಅದರ ಮರುದಿನ.